ಮರಿಯಮ್ಮನ ಗುಡಿ ಕಂಡಕ್ಟರು

ವ್ಯಾಪಾರದಾಗ ಹುಟ್ಟಿ ವ್ಯಾಪಾರದಾಗ ತಲಿ ಬೆಳ್ಳಗ ಮಾಡಿಕೊಂಡವ ನಾನು. ರೊಕ್ಕ ಕೊಡಾಕ ಅಳೋ ಮಂದೀನ್ನ ಬೇಕಾದಷ್ಟು ನೋಡೀನಿ. ರೊಕ್ಕ ಕೊಡಾಕ ಹೋದ್ರ ಸಿಟ್ಟಿಗೇಳೋ ಮನುಷ್ಯಾನ್ನ ಮಾತ್ರ ಒಬ್ಬರನ್ನ ನೋಡಿದೆ. ಈ ಬ್ಯಾಸಗ್ಯಾಗ ಅವರು ತೀರಿಕೊಂಡ್ರು. ಮಕ್ತಲ್‌ನಿಂದ ಗದ್ವಾಲ್ ತನಕ ಎಲ್ಲಾರೂ ಅವರಿಗೆ ಕಂಡಕ್ಟರ್ ಸಾರು ಅಂತಿದ್ರು, ನಾನು ಕಾಕಾ ಅಂತಿದ್ದೆ. ಹೆಸರು ಹಿಡಿದು ಕರದವರನ್ನ ನಾ ಕಂಡಿಲ್ಲ. ಇಲ್ಲೂ ಬರಿಯಂಗಿಲ್ಲ. ಗುಡಿ ಗ್ವಾಡಿ ಮ್ಯಾಲ ಯಾರ ಹೆಸರೂ ಇರಬಾರದು ಅಂತ ಊರಮಂದಿ ಕೂಡ ಜಗಳಾಡಿದ ಮನುಷ್ಯಾನ ಹೆಸರು ನಾ ಬರದ್ರ, ಎದ್ದು ಬಂದು ನನ್ನ ಬೈದಾರು.

ನಮ್ಮದು ಸೀರಿ ವ್ಯಾಪಾರ. ಅಂಗಡಿ ನಾರಾಯಣಪೇಟದಾಗ, ನೇಯೋರು ಅರ್ಧ ಮಂದಿ ಗದ್ವಾಲ್ ಕಡಿಯವರು. ವಯಸ್ಸಿನಾಗ ವಾರಕ್ಕೊಮ್ಮೆ ನೂಲು, ಜರಿ ಒಯ್ದು ಕೊಟ್ಟು, ನೇಯ್ದಿದ್ದನ್ನ ಗಂಟು ಕಟಗೊಂಡು ಕಾಕಾನ ಬಸ್ಸಿನಾಗ ಬರತಿದ್ದೆ. ಮೊದಲನೇ ಸಲಾನ ಗಂಟಿಗೆ ಲಗೇಜ್ ಟಿಕೆಟ್ ಹರದ್ರು. ತೊಡಿ ಮ್ಯಾಲ ಇಟಗೊಂಡೀನಲ್ರಿ ಅಂದೆ. ತೊಡಿ ಟಿಕೆಟ್ ಬ್ಯಾರೆ, ಗಂಟಿನ ಟಿಕೆಟ್ ಬ್ಯಾರೆ ಅಂದ್ರು. ಬಸ್ಸಿನ ಮಂದಿ ಎಲ್ಲಾ ನಕ್ರು. ಆ ಸಿಟ್ಟಿನಾಗ ನಾ ಎಷ್ಟೋ ದಿನ ಅವರ ಮುಖ ನೋಡದ ಟಿಕೆಟ್ ತಗೊಂಡೀನಿ. ಅವರಿಗೇನೂ ಫರಕ್ ಬೀಳಲಿಲ್ಲ ಬಿಡ್ರಿ.

ಬಸ್ಸು ಎಷ್ಟ ತುಂಬಿರಲಿ, ಹಳ್ಳಿ ಬಂತಂದ್ರ ಬಾಗಲದಾಗ ನಿಂತು "ಒಳಗ ಜಾಗ ಐತಿ, ಸರೀರಿ" ಅಂತ ಒದರತಿದ್ರು. ಒಳಗ ನಾವು ಒಬ್ಬರ ಕಾಲ ಮ್ಯಾಲ ಒಬ್ಬರು ನಿಂತಿರತಿದ್ವಿ. ಹಸೀ ಸುಳ್ಳು ಹೇಳ್ತೀರಲ್ರಿ ಕಾಕಾ ಅಂತ ಒಂದಿನ ತಡೀಲಾರದ ಅಂದೆ. ನೀವು ಹತ್ತುವಾಗೂ ಬಸ್ಸು ಹಿಂಗ ಇತ್ತು, ನಿಮಗ ಜಾಗ ಸಿಕ್ತಿಲ್ಲೋ ಅಂತ ಕೇಳಿದ್ರು. ನಾನು ಗಂಟು ಎದಿಗವಚಿಕೊಂಡು ಒಳಗ ಸರದೆ.

ಜುರಾಲ ಡ್ಯಾಮು ದಾಟಿ ಗದ್ವಾಲ್ ಕಡಿಗೆ ಬರೋ ದಾರ್ಯಾಗ ಅವರ ಊರು. ಊರ ಹೊರಗ ಗುಂಡುಗಲ್ಲಿನ ಒಂದು ದಿಬ್ಬ, ಅದರ ಮ್ಯಾಲ ಕ್ರಿಶ್ಚನ್ನರ ಮರಿಯಮ್ಮನ ಗುಡಿ. ಪ್ಯಾಟ್ಯಾಗಿನ ಚರ್ಚಿನಂಗ ದೊಡ್ಡದಲ್ಲ. ಕಲ್ಲು ಸುಣ್ಣದ ಒಂದ ಖೋಲಿ, ಮುಂದ ಪಡಸಾಲಿ, ಒಂದು ಗಂಟಿ. ಎಂದೋ ಒಂದು ಕಾಲದಾಗ ಪರದೇಶದ ಫಾದರ್ ಒಬ್ಬರು ಕಟ್ಟಿಸಿ, ಕಟಿಗಿ ಮೂರ್ತಿ ಹಡಗಿನಾಗ ತರಿಸಿ ಇಟ್ಟಾರಂತ. ಊರಾಗ ಕ್ರಿಶ್ಚನ್ ಮನಿ ಭಾಳ ಇಲ್ಲ. ಫಾದರ್ ತಿಂಗಳಿಗೊಮ್ಮೆ ಪ್ಯಾಟಿಯಿಂದ ಬಂದು ಪೂಜಿ ಮಾಡಿ ಹೋಗ್ತಾರ. ಆದ್ರ ಮೇಣದಬತ್ತಿ ಹಚ್ಚೋರು, ಹರಕಿ ಹೊರೋರು ಅಂದ್ರ ನೇಕಾರ ಓಣಿಯವರು, ಸಾಬರ ಓಣಿಯವರು, ಒಕ್ಕಲತನದ ಮಂದಿ, ಎಲ್ಲಾರೂ. ಕಾಕಾ ಹುಟ್ಟಾ ಕ್ರಿಶ್ಚನ್. ನೌಕರಿ ಮುಗದ ಮ್ಯಾಲ ಆ ಗುಡೀನ ಅವರ ಬಸ್ಸಾತು.

ನಾನು ಮೊದಲ ಆ ದಿಬ್ಬ ಹತ್ತಿದ್ದು ಭಕ್ತಿಗಲ್ಲ, ಜಗಳಕ್ಕ. ನಮ್ಮ ವ್ಯಾಪಾರದಾಗ ಒಂದು ರಿವಾಜು ಐತಿ: ಹಾಸು, ಅಂದ್ರ ಮಗ್ಗಕ್ಕ ಉದ್ದಕ ಏರಿಸಿದ ನೂಲು, ಮುಗದ ಮ್ಯಾಲ ಉಳಿದ ಜರಿ ಸಾವುಕಾರಗ ವಾಪಸ್ ಬರಬೇಕು. ಆ ಊರಿನ ನೇಕಾರರಿಂದ ಜರಿ ವಾಪಸ್ ಬರ್ತಾನ ಇದ್ದಿಲ್ಲ. ವಿಚಾರಿಸಿದ್ರ, ಹಾಸಿನ ಕೊನೀಗೆ ಉಳಿದ ನೂಲಿನಾಗ ಮರಿಯಮ್ಮಗ ಒಂದು ಸಣ್ಣ ಸೀರಿ ನೇಯೋದು ಅವರ ಓಣಿ ಪದ್ಧತಿ ಅಂತ ತಿಳೀತು. ನನ್ನ ಜರಿಯಾಗ ಇವರ ಪುಣ್ಯ! ಧಡಧಡ ಮ್ಯಾಲ ಹತ್ತಿದೆ. ಕಾಕಾ ನಿಚ್ಚಣಿಕಿ ಮ್ಯಾಲ ಲುಂಗಿ ಎತ್ತಿ ಕಟಗೊಂಡು ಗ್ವಾಡಿ ಕೆರೀತಿದ್ರು. ನನ್ನ ಜರಿ ಯಾರನ್ನ ಕೇಳಿ ಉಡಿಸೀರಿ ಅಂತ ನಾ ಒದರಿದೆ. ಅವರು ಕೆಳಗ ಇಳೀಲೂ ಇಲ್ಲ. "ಆಕಿ ಇಲ್ಲೇ ನಿಂತಾಳಲ್ಲ, ಆಕೀನ್ನ ಕೇಳ್ರಿ" ಅಂದ್ರು. ತಿರುಗಿ ನೋಡಿದೆ. ಮರಿಯಮ್ಮ ಗದ್ವಾಲ್ ಅಂಚಿನ ಸೀರಿ ಉಟಗೊಂಡು, ಸೆರಗು ತಲಿ ಮ್ಯಾಲ ಹೊದ್ದು, ನಮ್ಮ ಮನಿ ಹೆಣ್ಮಗಳ ಹಂಗ ನಿಂತಾಳ. ಏನಂತ ಕೇಳಲಿ ಆಕೀನ್ನ?

ಸೋತೆ ಅಂತ ತೋರಸಬಾರದಲ್ಲ, ದೊಡ್ಡಸ್ತಿಕಿಗೆ ಕಿಸೆದಾಗ ಕೈ ಹಾಕಿ ಗುಡಿ ರಿಪೇರಿಗೆ ಇಟಗೋರಿ ಅಂತ ನೋಟು ಚಾಚಿದೆ. ಆಗ ಇಳದ್ರು ನೋಡ್ರಿ, ಕಣ್ಣು ಕೆಂಪಗ ಮಾಡಿಕೊಂಡು. ನೌಕರಿ ಇಡೀ ಚಿಲ್ಲರೆ ಎಣಿಸಿ ಬೆರಳು ಸವದಾವ, ಇನ್ನ ಮುಟ್ಟಂಗಿಲ್ಲ ಅಂದ್ರು. ಕೊಡೋ ಮನಸಿದ್ರ ಒಂದು ದಿನ ಕೊಡ್ರಿ, ಹಬ್ಬಕ್ಕ ಮುಂಚೆ ಗುಡಿ ತೊಳಿಯೋ ದಿನ ಬರ್ರಿ ಅಂದ್ರು. ಹೋದೆ. ಗಂಟಿ ಒರಸಾಕ ಹಚ್ಚತಾರ, ಇಲ್ಲಾ ಹೂವಿನ ಕೆಲಸ ಕೊಡ್ತಾರ ಅನಕೊಂಡು ಹೋದ್ರ, ನನಗ ಕೊಟ್ಟಿದ್ದು ಚಪ್ಪಲಿ ಕಾಯೋ ಕೆಲಸ. ರೇಷ್ಮಿ ಮಾರೋ ಲಿಂಗಾಯತರ ಮಗ, ಊರಮಂದಿ ಕೆರ ಜೋಡಿಸಿಕೊಂತ ಕುಂತೆ. ಮನ್ಯಾಗ ಹೇಳ್ಲಿಲ್ಲ. ಆದ್ರ ಮರುವರ್ಷ ಅವರು ಕರೀಲಿಕ್ಕಿಲ್ಲ ಅಂತ ಹೆದರಿಕಿ ಹತ್ತಿದ್ದು ನನಗ. ಕರದ್ರು, ಪುಣ್ಯಾತ್ಮರು.

ಹಂಗಂತ ಗುಡಿ ಬರೇ ಗಾಳಿ ಮ್ಯಾಲ ನಡೀತಿತ್ತು ಅನಬ್ಯಾಡ್ರಿ. ಸೂರು ಸೋರತಿತ್ತು, ಗ್ವಾಡಿ ಉಬ್ಬಿತ್ತು, ಮೆಟ್ಲ ಕಿತ್ತಿದ್ವು. ಸಾಮಾನು ಬೇಕಲ್ಲ? ಸಾಮಾನು ಇಸಕೊಳ್ಳತಿದ್ರು, ಆದ್ರ ಒಂದು ಷರತ್ತು: ಕೊಟ್ಟವರು ಸಾಮಾನಿನ ಜೋಡಿ ತಾವೂ ಬರಬೇಕು. ಸುಣ್ಣ ಕೊಟ್ಟವ ಸುಣ್ಣ ಕಲಸಬೇಕು. ಸುಣ್ಣಕ್ಕ ಬೆಲ್ಲದ ನೀರು ಹಾಕ್ತಾರಲ್ಲ, ಬೆಲ್ಲ ಕೊಟ್ಟ ಕಿರಾಣಿ ಅಂಗಡಿಯಾಕಿ ತಾನ ಕುಂತು ಕುಟ್ಟಬೇಕು. ಒಮ್ಮೆ ಒಬ್ಬ ಕಂಟ್ರಾಕ್ಟರು ಒಂದು ಲಾರಿ ಹೊಳಿಯೋ ಟೈಲ್ಸು ಕಳಿಸಿಕೊಟ್ಟ, ಜೋಡೀಗೆ ತನ್ನ ಅವ್ವನ ಹೆಸರಿನ ಕಲ್ಲು. ಕಾಕಾ ಲಾರೀನ ತಿರುಗಿಸಿ ಕಳಿಸಿದ್ರು. ಮರುವಾರ ಕಂಟ್ರಾಕ್ಟರ್ ಖುದ್ದು ಬಂದ, ಬಿಳೀ ಬಟ್ಟಿ, ಬಾಯಿ ತುಂಬ ಬೈಗುಳ. ಬೈದು ಮುಗಿಯೂತನಕ ಬಿಟ್ಟು, ಕಾಕಾ ಆತನ ಕೈಯಾಗ ಒಂದು ಪುಟ್ಟಿ ಕೊಟ್ಟು, ಟೈಲ್ಸ್ ಬ್ಯಾಡ, ಆ ಮಣ್ಣು ಹೊರ್ರಿ, ನಿಮ್ಮವ್ವ ಇಲ್ಲಿ ಭಾಳ ಸಲ ಹೊತ್ತಾಳ ಅಂದ್ರು. ಆ ಮನುಷ್ಯಾ ಸಂಜೀತನಕ ಮಣ್ಣು ಹೊತ್ತ. ಅವ್ವನ ಹೆಸರಿನ ಕಲ್ಲು ಮಾತ್ರ ಏನಾತೋ ನನಗ ಗೊತ್ತಿಲ್ಲ.

ಇಷ್ಟು ಕೇಳಿ ಸಾಧು ಮನುಷ್ಯಾ ಅನಕೋಬ್ಯಾಡ್ರಿ. ಶುದ್ಧ ಹಟಮಾರಿ. ಗುಡ್ಯಾಗ ಹಾಡಾಕ ಹತ್ತಿದ್ರ ಗಂಟಿ ಬಾರಸೋದ ಚಲೋ ಅನಸ್ತಿತ್ತು, ಅಂಥಾ ದನಿ. ಹೇಳಿದ ಹೊತ್ತಿಗೆ ಬರಲಿಲ್ಲಂದ್ರ ಅಂದು ಕೆಲಸ ಕೊಡದ ವಾಪಸ್ ಕಳಿಸೋರು. ಬಸ್ಸು ಹೋತು ಅಂತ ತಿಳಕೋರಿ ಅನ್ನೋರು. ಅವರ ಮನಿ ಬಾಗಲದ ಚಿಲಕ ಮುರದು ವರ್ಷಾನುಗಟ್ಲೆ ಸುತ್ತಗಿ ಕಾಣಲಿಲ್ಲ. ಮರಿಯಮ್ಮಗ ಗಂಡ ಇದ್ದ, ಆತ ಬಡಿಗ್ಯಾರ, ಆಕಿ ಮನಿ ಆತ ನೋಡ್ಕೊಂತಿದ್ದ, ನನ್ನ ಮನಿ ಯಾರು ನೋಡ್ಬೇಕ್ರಿ ಅಂತ ಅವರ ಹೆಂಡತಿ, ನಮ್ಮ ಕಾಕೂ, ನನ್ನ ಮುಂದ ಕೇಳ್ತಿದ್ರು. ಕಾಕಾ ಚಾ ಕುಡಕೊಂತ ಕಿವುಡರಂಗ ಕುಂದ್ರೋರು.

ಈಗ ಹುಣಸಿಹಣ್ಣಿನ ವರ್ಷದ ಮಾತು ಹೇಳಬೇಕು. ಅದನ್ನ ಹೇಳದ ಕಾಕಾನ್ನ ಹೇಳಿದಂಗ ಆಗಂಗಿಲ್ಲ.

ಸಪ್ಟೆಂಬರಿನಾಗ ಮರಿಯಮ್ಮನ ಹಬ್ಬ. ಅದಕ್ಕ ಮುಂಚೆ ಗುಡಿ ತೊಳಿಯೋ ದಿನ ಮುಂಜಾನೆ ಕಾಕಾ ಪಡಸಾಲಿ ಮುಂದ ನಿಂತು, ಒಬ್ಬೊಬ್ಬರನ್ನ ಕರದು ಪಾಲು ಹಂಚತಿದ್ರು. ಇವರಿಗೆ ಮೆಟ್ಲ, ಅವರಿಗೆ ಗಂಟಿ, ಮತ್ತೊಬ್ಬರಿಗೆ ದೀಪದ ಎಣ್ಣಿ ಜಿಡ್ಡು. ಮೂರ್ತಿ ಮುಖ ಒರಸೋ ಪಾಲು ಎಲ್ಲಕ್ಕಿಂತ ದೊಡ್ಡದು. ಆ ವರ್ಷ ಅದು ನೇಕಾರ ಓಣಿ ನರಸಮ್ಮಗ ಅಂತ ಹಿಂದಿನ ವಾರನ ಹೇಳಿ ಇಟ್ಟಿದ್ರು. ನರಸಮ್ಮ ಅಂದ್ರ ನಮಗ ನೇಯೋ ಮನಿ ಹಿರ್ಯಾಕಿ. ನನ್ನ ಜರಿಯಾಗ ಮೊದಲ ಸಣ್ಣ ಸೀರಿ ನೇಯ್ದಾಕೀನೂ ಆಕೀನ. ಆದ್ರ ತೊಳಿಯೋ ದಿನಕ್ಕ ಸರಿಯಾಗಿ ಕಾಕಾನ ಮಗಳಿಗೆ ಹೆರಿಗಿ ಬ್ಯಾನಿ ಬಂತು, ಅವರು ರಾಯಚೂರಿಗೆ ಓಡಿದ್ರು.

ನರಸಮ್ಮ ಮುಂಜಾನೆ ಮೈ ತೊಳಕೊಂಡು, ಉಪಾಸ ಇದ್ದು, ಮನೀ ದೇವರ ಹಿತ್ತಾಳಿ ಮೂರ್ತಿ ಹೆಂಗ ತಿಕ್ಕತಾಳೋ ಹಂಗ, ಹುಣಸಿಹಣ್ಣು ನೆನೆಹಾಕಿ, ನಾರು ತಗೊಂಡು ಬಂದ್ಲು. ಮೇಣದಬತ್ತಿ ಹೊಗಿಗೆ ಮರಿಯಮ್ಮನ ಮುಖ ಕರ್ರಗ ಆಗಿತ್ತು. ತಿಕ್ಕಿದಂಗ ತಿಕ್ಕಿದಂಗ ಮಸಿ ಬಿಟ್ಟು ಗಲ್ಲ ಬೆಳಗಿತು. ಆಕಿಗೆ ಹಿಗ್ಗು. ಇನ್ನಾ ತಿಕ್ಕಿದ್ಲು. ಕಟಿಗಿ ಮೂರ್ತಿ, ಮ್ಯಾಲ ಬರೇ ಬಣ್ಣ ಅಂತ ಆಕಿಗೆ ಹೆಂಗ ಗೊತ್ತಾಗಬೇಕು? ನೀರು ಹಾಕಿ ನೋಡಿದ್ರ ಕಣ್ಣು ಇಲ್ಲ. ಎರಡೂ ಕಣ್ಣು ಅಳಿಸಿಹೋಗಿ, ಬರೇ ಕಟಿಗಿ.

ನಾನು ಕೆಳಗ ಚಪ್ಪಲಿ ಹತ್ರ ಇದ್ದೆ. ಅಳೋ ಸಪ್ಪಳ ಕೇಳಿ ಓಡಿ ಹೋದೆ. ನರಸಮ್ಮ ನಾರು ಕೈಯಾಗ ಹಿಡಕೊಂಡು ನಿಂತಿದ್ಲು. ಅಮ್ಮನ ಕಣ್ಣು ತಗದೆ, ಅಮ್ಮನ ಕಣ್ಣು ತಗದೆ ಅಂತ ತೆಲುಗಿನಾಗ ಅದೊಂದ ಮಾತು. ಸೊಸಿ ಹಿಡಕೊಂಡು ಕೆಳಗ ಇಳಿಸಿದ್ಲು. ಅವತ್ತು ಮನಿ ಸೇರಿದಾಕಿ ಮಗ್ಗಕ್ಕೂ ಕುಂದರಲಿಲ್ಲ, ಹೊಸ್ತಿಲಾನೂ ದಾಟಲಿಲ್ಲ.

ಗುಡಿ ಕಮಿಟಿ ಕೂಡ್ತು. ಕಮಿಟ್ಯಾಗ ದೊಡ್ಡವರು ಅಂದ್ರ ಮಾಸ್ತರ್ರು. ಮಿಷನ್ ಸಾಲ್ಯಾಗ ಕಲಿಸಿ ರಿಟೈರ್ ಆದವರು. ಇಸ್ತ್ರಿ ಅಂಗಿ, ಕೈಗಡಿಯಾರ, ಅಳತಿ ಮಾತು. ಕೆಟ್ಟ ಮನುಷ್ಯಾ ಅಲ್ಲ, ಅವರಿಗೂ ಎದಿಗೆ ಪೆಟ್ಟಾಗಿತ್ತು, ಸಣ್ಣವರಿದ್ದಾಗಿಂದ ನೋಡಿದ ಮುಖ ಅದು. ಇನ್ನಮುಂದ ಗುಡಿ ಒಳಗಿನ ಕೆಲಸ ನಮ್ಮ ಮಂದಿ ಅಷ್ಟ ಮಾಡ್ಲಿ, ಹೊರಗಿನವರು ಬೇಕಾದ್ರ ಚಂದಾ ಕೊಡ್ಲಿ ಅಂದ್ರು. ಪ್ಯಾಟಿಯಿಂದ ಹೊಸ ಮೂರ್ತಿ ತರಸೋಣು ಅಂತಾನೂ ಅಂದ್ರು. ಹೌದು ಹೌದು ಅಂದವರ ಭಾಳ.

ರಾಯಚೂರಿಂದ ಬಂದ ಕಾಕಾ ಎಲ್ಲಾ ಕೇಳಿಸಿಕೊಂಡ್ರು. ಬೈತಾರ ಅನಕೊಂಡಿದ್ದೆ, ಬೈಲಿಲ್ಲ. ತೊಳಿ ಅಂದವ ನಾನು, ಹೆಂಗ ತೊಳೀಬೇಕು ಅಂತ ಹೇಳದ ಬಿಟ್ಟವನೂ ನಾನು, ತಪ್ಪು ನಂದ ಅಂದ್ರು. ಹೊಸ ಮೂರ್ತಿ ಬ್ಯಾಡ, ಇದಕ್ಕ ಕಣ್ಣು ಬರಸೋಣು, ಆದ್ರ ನರಸಮ್ಮ ಬಂದ ದಿನ ಬರಸೋಣು, ಅಲ್ಲೀತನಕ ಇಲ್ಲ ಅಂದ್ರು. ಆಕಿ ಬರದಿದ್ರ ಅಂತ ಮಾಸ್ತರ್ರು ಕೇಳಿದ್ರು. ಅಮ್ಮ ಹಂಗ ನಿಂದರತಾಳ ಅಂದು ಎದ್ದು ಹೋದ್ರು.

ನಿಂತ್ಲು ನೋಡ್ರಿ, ಅಮ್ಮ, ಕಣ್ಣಿಲ್ಲದ. ಆ ಹಬ್ಬ ಹಂಗ ಆತು. ಸೆರಗು ಮುಂದ ಎಳದು ಮುಖ ಮುಚ್ಚಿದ್ರು. ಫಾದರ್‌ಗೂ ಕಸಿವಿಸಿ, ಆದ್ರ ಕಾಕಾನ ಎದುರು ಮಾತಾಡಲಿಲ್ಲ. ಊರಾಗ ಗೊಣಗಾಟ ಶುರು ಆತು. ಈ ಮುದುಕಗ ಹುಚ್ಚು ಹಿಡದೈತಿ, ಒಬ್ಬ ಹೆಣ್ಮಗಳ ಸಲುವಾಗಿ ದೇವರನ್ನ ಕುರುಡು ಇಟ್ಟಾನ ಅಂತ ಅವರ ಮಂದೀನ ಅಂದ್ರು. ನನಗೂ ಹಂಗ ಅನಿಸಿತ್ತು, ಸುಳ್ಳ ಯಾಕ ಹೇಳ್ಲಿ. ನೇಕಾರ ಓಣಿಯವರು ದಿಬ್ಬದ ಕಡಿ ಬರೋದ ಕಡಿಮಿ ಮಾಡಿದ್ರು. ಅವರು ಬರದಿದ್ದು ನೋಡಿ ಸಾಬರ ಹೆಣ್ಮಕ್ಕಳೂ ಹಿಂದ ಸರದ್ರು. ನಾಳೆ ನಮ್ಮ ಕೈಯಿಂದ ಏನಾರ ಆದ್ರ ಅಂತ. ಸೂರಿನ ಕೆಲಸ ಅರ್ಧಕ್ಕ ನಿಂತಿತು. ಕಲಸಿದ ಸುಣ್ಣ ಗುಂಡ್ಯಾಗ ಒಣಗಿ ಬಿರುಕು ಬಿಡ್ತು. ಕಾಕಾ ಒಬ್ಬರ ನಿಚ್ಚಣಿಕಿ ಮ್ಯಾಲ.

ಆದ್ರ ವಾರಕ್ಕೊಮ್ಮೆ ನರಸಮ್ಮನ ಮನಿಗೆ ಹೋಗೋದು ಬಿಡಲಿಲ್ಲ. ನಾನು ನೂಲು ಕೊಡಾಕ ಹೋದಾಗೆಲ್ಲಾ ಅಲ್ಲಿ ಇರತಿದ್ರು. ಮಗ್ಗದ ಕುಣಿ ಬಾಜೂಕ ಒಂದು ಕಟಿಗಿ ಮಣಿ ಹಾಕ್ಕೊಂಡು ಕುಂತು, ನರಸಮ್ಮನ ಮಗನ ಕೂಡ ಮಳಿ ಬೆಳಿ ಮಾತಾಡಿ, ಚಾ ಕುಡದು ಎದ್ದು ಹೋಗೋರು. ಗುಡಿ ಸುದ್ದಿ ಎತ್ತತಿರಲಿಲ್ಲ. ನರಸಮ್ಮ ಒಳಗಿನ ಖೋಲಿಯಿಂದ ಹೊರಗ ಬರತಿರಲಿಲ್ಲ. ಮಳಿಗಾಲ ಹೋಗಿ ಚಳಿ ಬಂತು, ಚಳಿ ಹೋಗಿ ಬಿಸಲು ಬಂತು, ಇವರ ಚಾ ನಡದ ಇತ್ತು.

ಒಂದಿನ ನಾನೂ ಅಲ್ಲೇ ಇದ್ದೆ. ನರಸಮ್ಮ ಒಳಗಿಂದನ ಮಾತಾಡಿದ್ಲು. ಯಾಕ ಬರ್ತೀರಿ ಸಾರು, ನನ್ನ ಕೈ ತಾಕಿದ್ರ ಇನ್ನೇನಾರ ಹೋಗ್ತದ ಅಂದ್ಲು. ಕಾಕಾ ಚಾದ ಕಪ್ಪು ಕೆಳಗ ಇಟ್ರು. ಆ ದನಿಯಾಗ ಅವರು ಮಾತಾಡಿದ್ದು ನಾ ಹಿಂದ ಕೇಳಿದ್ದಿಲ್ಲ, ಬಸ್ಸಿನಾಗೂ ಇಲ್ಲ, ಗುಡ್ಯಾಗೂ ಇಲ್ಲ.

"ಹೋಗಿದ್ದು ಬಣ್ಣ, ನರಸಮ್ಮ. ಬಣ್ಣ ಮತ್ತ ಬರ್ತದ. ಇವತ್ತು ನೀ ಬರೋದು ಬಿಟ್ಟಿ, ನಿನ್ನ ನೋಡಿ ನಿನ್ನ ಓಣಿ ಬಿಟ್ಟದ. ಮುಂದಿನ ವರ್ಷ ನಾವು ನಾಕು ಮನಿಯವರು ಬಾಗಲ ಹಾಕ್ಕೊಂಡು ಒಳಗ ಕುಂದರತೀವಿ. ಆ ಗುಡಿ ನನಗ ಬ್ಯಾಡ. ನನಗ ಬಾಯಿ ತೆರೆದು ಕೇಳಾಕ ಬರಂಗಿಲ್ಲ ಅಂತ ಇಷ್ಟು ದಿನ ಚಾ ಕುಡದೆ. ಈಗ ಕೇಳಾಕ ಹತ್ತೀನಿ. ಬಾರಮ್ಮಾ."

ಕಾಕಾ ಎದ್ದು ಹೋದ್ರು.

ಮುಂದಿನ ಆಯಿತವಾರ ನರಸಮ್ಮ ದಿಬ್ಬ ಹತ್ತಿದ್ಲು, ಸೊಸಿ ಕೈ ಹಿಡಕೊಂಡು. ಆಕಿ ಹಿಂದ ಇಡೀ ಓಣಿ. ಕಾಕಾ ಅವತ್ತ ಪೇಂಟರ್‌ನ ಕರಸಿದ್ರು. ಪೇಂಟರ್ ಅಂದ್ರ ಪ್ಯಾಟಿಯವನಲ್ಲ, ಸುತ್ತ ಹಳ್ಳ್ಯಾಗಿನ ಊರದೇವತಿ ಎಲ್ಲಮ್ಮ, ಪೋಚಮ್ಮಗ ಬಣ್ಣ ಬರಿಯೋ ಮನುಷ್ಯಾ. ಮಾಸ್ತರ್ರು ಕಣ್ಣು ನೀಲಿ ಇದ್ವು ಅಂದ್ರು. ನೀಲಿ ಕಣ್ಣು ನಾ ಯಾರಿಗೂ ಬರದಿಲ್ಲ, ಕೈ ಬರಂಗಿಲ್ಲ ಅಂದ ಆತ. ಕರೀವ ಇರಲಿ ಬಿಡ್ರಿ, ಇಲ್ಲೇ ಇರಾಕಿ ಅಲ್ಲೇನು ಅಂದ್ರು ಕಾಕಾ. ಬಣ್ಣದ ಬಟ್ಟಲ ನರಸಮ್ಮನ ಕೈಯಾಗ ಕೊಟ್ರು. ಎರಡೂ ಕೈಲೆ ಹಿಡಕೊಂಡು ನಿಂತ್ಲು, ಅಷ್ಟೂ ಹೊತ್ತು ಉಸಿರು ಬಿಟ್ಟಳೋ ಇಲ್ಲೋ. ಪೇಂಟರ್ ತನಗ ಬರೋವಂಥಾ ಕಣ್ಣ ಬರದ, ದೊಡ್ಡವು, ಅಗಲಾದವು, ಕಾಡಿಗಿ ತೀಡಿದಂಥವು. ತಿಂಗಳ ಪೂಜಿಗೆ ಬಂದ ಫಾದರ್ ಭಾಳ ಹೊತ್ತು ನೋಡಿ, ಈಗ ನಮ್ಮನ್ನ ಚಲೋ ಕಾಣ್ತಾರ ಅಂದ್ರು. ಮಾಸ್ತರ್ರು ಮಾತ್ರ ಮುಖ ಬಿಗಿ ಹಿಡದ ಇದ್ರು.

ಆ ವರ್ಷದ ಹಬ್ಬಕ್ಕೂ ಮುಖ ಒರಸೋ ಪಾಲು ನರಸಮ್ಮಗ ಕೊಟ್ರು ಕಾಕಾ. ಈ ಸಲ ಹುಣಸಿಹಣ್ಣಿಲ್ಲ, ಒದ್ದಿ ಅರಿವಿ, ಅಷ್ಟ. ಮಾಸ್ತರ್ರು ಬ್ಯಾಡ ಅಂತ ಬಾಯಿ ತೆರೆದ್ರು. ಕಾಕಾ ಅವರ ಕಡಿ ನೋಡಲೇ ಇಲ್ಲ. ಸೂರಿನ ಕೆಲಸಾನೂ ಮುಗೀತು. ಅದಾದ ಮ್ಯಾಲ ಸೋರಿಲ್ಲ.

ಒಂದು ಮಾತು ಹೇಳಬೇಕು. ಇಷ್ಟು ವರ್ಷದಾಗ ಕಾಕಾ ಯಾರಿಗೆ ಒಂದೂ ಕೆಲಸ ಕೊಟ್ಟಿಲ್ಲ ಅಂತ ಕೇಳಿದ್ರ, ಮಾಸ್ತರ್ರಿಗೆ ಕೊಟ್ಟಿಲ್ಲ. ಕಮಿಟಿ ಹಿರಿಯರು, ಓದಿದವರು, ಇಸ್ತ್ರಿ ಅಂಗಿ. ನನ್ನಂಥವನ ಕೈಲೆ ಕೆರ ಹಿಡಿಸಿದ ಮನುಷ್ಯಾ ಅಲ್ಲಿ ಯಾಕೋ ಹಿಂಜರದ್ರು. ಮಾಸ್ತರ್ರು ಪ್ರತಿ ವರ್ಷ ಬಂದು ಪಡಸಾಲ್ಯಾಗ ಕೈ ಕಟಗೊಂಡು ನಿಂತು ನೋಡತಿದ್ರು. ಕಾಕಾ ಕೆಲಸ ಕೊಡದಿದ್ದು ಬರೇ ಮರ್ಯಾದಿ ಆಗಿತ್ತೋ, ಒಳಗಿನ ಸಿಟ್ಟು ಆಗಿತ್ತೋ ನಾ ಕೇಳಲಿಲ್ಲ. ಕೇಳಬೇಕಾಗಿತ್ತು, ಈಗ ಕಾಕಾನ ಹೋದ್ರು.

ಬ್ಯಾಸಗ್ಯಾಗ ಮಣ್ಣು ಮಾಡೋ ದಿನ ನಾವೆಲ್ಲಾ ಹೋಗಿದ್ವಿ. ಅಲ್ಲೇ ಪಿಸುಪಿಸು ಶುರು ಆಗಿತ್ತು, ಇನ್ನ ತೊಳಿಯೋ ದಿನ ಯಾರು ಕರೀತಾರ ಅಂತ. ಈಗ ಮಾಸ್ತರ್ರ ಮಾತ ಮಾತು, ಹೊರಗಿನವರ ಕಾಲ ಮುಗೀತು ಅಂದ್ರು ಕೆಲವರು. ನನಗೂ ಅದ ಅಂಜಿಕಿ. ಕರೀದ ಹೆಂಗ ಹೋಗೋದು? ಆದ್ರೂ ಹೋದ ವಾರ ತೊಳಿಯೋ ದಿನ ಮುಂಜಾನೆ ಮೊದಲನೇ ಬಸ್ಸು ಹಿಡದೆ.

ದಿಬ್ಬದ ಕೆಳಗ ಎಲ್ಲಾರೂ ಬಂದಿದ್ರು. ನೇಕಾರ ಓಣಿ, ಸಾಬರ ಓಣಿ, ಕಿರಾಣಿಯಾಕಿ, ಪೇಂಟರ್. ಕೈಯಾಗ ಕಸಬರಿಗಿ, ಬಕೀಟು, ಹಳೇ ಅರಿವಿ. ಯಾರೂ ಮೆಟ್ಲ ಹತ್ತಿಲ್ಲ. ಮ್ಯಾಲ ಪಡಸಾಲ್ಯಾಗ ಮಾಸ್ತರ್ರು ಒಬ್ಬರ, ಕೈ ಕಟಗೊಂಡು. ಅವರು ಕರೀವಲ್ರು, ಇವರು ಹತ್ತವಲ್ರು. ಬಿಸಲು ಏರಾಕ ಹತ್ತಿತು. ಸಾಬರ ಇಬ್ಬರು ಹೆಣ್ಮಕ್ಕಳು ಬಕೀಟು ಎತಗೊಂಡು ಮನಿ ಕಡಿ ತಿರುಗಿದ್ರು.

ಆಗ ನರಸಮ್ಮ ಮೆಟ್ಲ ಹತ್ತಿದ್ಲು. ಈಗ ಭಾಳ ಬಾಗ್ಯಾಳ. ಅರ್ಧ ಮೆಟ್ಲದಾಗ ನಿಂತು, ಉಸಿರು ತಗೊಂಡು, ಈ ಕಡಿ ತಿರುಗಿದ್ಲು. ಮನಿ ಕಡಿ ಹೊಂಟವರನ್ನ ಹೆಸರು ಹಿಡಿದು ಕರದು, ಗಂಟಿ ನಿಮ್ಮದು ಅಂದ್ಲು. ಕಿರಾಣಿಯಾಕಿಗೆ ಮೆಟ್ಲ, ಸೊಸಿಗೆ ದೀಪ. ನನ್ನ ಕಡಿ ಬೊಟ್ಟು ತೋರಿಸಿದ್ಲು, ನನಗ ಹೇಳಬೇಕಾಗಿರಲಿಲ್ಲ. ಮುಖದ ಪಾಲು ಯಾರದು ಅಂತ ಯಾರೂ ಕೇಳಲಿಲ್ಲ. ಆಕಿ ಮ್ಯಾಲ ಹತ್ತಿ ಮಾಸ್ತರ್ರ ಮುಂದ ನಿಂತ್ಲು.

"ಮಾಸ್ತರ್ ಸಾರು, ನೀರು ನೀವು ತರ್ರಿ" ಅಂದ್ಲು.

ಮಾಸ್ತರ್ರು ಆಕಿ ಮುಖ ನೋಡಿದ್ರು, ಒಳಗ ಮರಿಯಮ್ಮನ ಕಡಿ ನೋಡಿದ್ರು. ಕೈಗಡಿಯಾರ ಬಿಚ್ಚಿ ಕಿಸೆದಾಗ ಹಾಕ್ಕೊಂಡ್ರು. ತೋಳು ಮಡಚಿ, ಕೊಡ ತಗೊಂಡು ಬೋರಿಂಗ್ ಕಡಿಗೆ ಇಳದ್ರು.